‘ಮೀಸಲು ಷರತ್ತು’ ಎನ್ನಬಹುದೇ? ರಾಬರ್ಟ್‌ಸನ್ ಮೊಕದ್ದಮೆಯ ಎರಡು ಪದಗಳು

ಮಾನ್ಯರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ರಾಬರ್ಟ್‌ಸನ್ ಅವರ ಕುರಿತು ಬರೆಯಹೊರಟು ಎರಡು ಪದಗಳ ಬಳಿ ತಡವರಿಸಿ ನಿಂತಿದ್ದೇನೆ. 1965ರಿಂದ 1974ರವರೆಗೆ ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಅವರು, ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ತನ್ನ ಎದುರಾಳಿ ಲೀಗ್ ಆದ ಎಬಿಎಯೊಡನೆ ಒಂದಾಗಲು ಹೊರಟಾಗ 1970ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಎರಡು ಲೀಗುಗಳ ಪೈಪೋಟಿಯಿಂದ ಆಟಗಾರರ ಸಂಬಳ ಏರುತ್ತಿದ್ದ ಕಾಲವದು; ಅವು ಒಂದಾದರೆ ಆ ಪೈಪೋಟಿಯೇ ಇಲ್ಲವಾಗುತ್ತಿತ್ತು. ಮೊಕದ್ದಮೆಯ ಇನ್ನೊಂದು ಗುರಿ, ಕರಾರು ಮುಗಿದ ಮೇಲೂ ಆಟಗಾರನನ್ನು ಅದೇ ತಂಡಕ್ಕೆ ಕಟ್ಟಿಹಾಕುತ್ತಿದ್ದ ‘ರಿಸರ್ವ್ ಕ್ಲಾಜ್’.

ಇದನ್ನು ‘ಮೀಸಲು ಷರತ್ತು’ ಎಂದರೆ ಓದುಗರ ಮನಸ್ಸಿಗೆ ಮೊದಲು ಬರುವುದು ಬೆಂಚಿನ ಮೇಲೆ ಕುಳಿತ ಮೀಸಲು ಆಟಗಾರ, ಇಲ್ಲವೇ ಉದ್ಯೋಗದ ಮೀಸಲಾತಿ. ಆದರೂ ಈ ಪದವನ್ನು ಪೂರ್ತಿ ಕೈಬಿಡಲು ಮನಸ್ಸಾಗದು. ದೇವರಿಗೆಂದು ಮೀಸಲು ತೆಗೆದಿಟ್ಟದ್ದನ್ನು ಬೇರೆ ಯಾರೂ ಮುಟ್ಟುವಂತಿಲ್ಲವೆಂಬ ಹಳೆಯ ಅರ್ಥ, ಒಂದು ತಂಡದ ಆಟಗಾರನನ್ನು ಇನ್ನೊಂದು ತಂಡ ಮಾತನಾಡಿಸುವಂತಿಲ್ಲವೆಂಬ ಕಟ್ಟುಪಾಡಿಗೆ ತೀರ ಹತ್ತಿರದ್ದು. ಮಿತ್ರರೊಬ್ಬರು ‘ಜೀತದ ಕರಾರು’ ಎಂಬ ಪದವನ್ನು ಸೂಚಿಸಿದರು. ‘ಜೀವಿತ’ದ ತದ್ಭವವಾದ ಜೀತಕ್ಕೆ ಹಿಂದೆ ಸಂಬಳವೆಂಬ ಅರ್ಥವೇ ಇದ್ದುದು ಹೌದಾದರೂ ಇಂದು ಆ ಪದ ಹೊತ್ತಿರುವ ನೋವು ಬೇರೆಯೇ. ರಾಬರ್ಟ್‌ಸನ್ ಮೊಕದ್ದಮೆ ರಾಜಿಯಲ್ಲಿ ಮುಗಿದ 1976ರಲ್ಲೇ ನಮ್ಮಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂದಿತೆಂಬುದನ್ನು ನೆನೆದರಂತೂ, ಒಳ್ಳೆಯ ಸಂಬಳದ ಆಟಗಾರರಿಗೆ ಅದನ್ನು ಅನ್ವಯಿಸುವುದು ನಿಜವಾದ ಜೀತದಾಳುಗಳಿಗೆ ಅನ್ಯಾಯವೆಂದೇ ನನ್ನ ಭಾವನೆ.

ಎರಡನೆಯದು, ಆ ರಾಜಿಯಿಂದ ದಾರಿ ತೆರೆದುಕೊಂಡ ‘ಫ್ರೀ ಏಜೆಂಟ್’ ಸ್ಥಿತಿ, ಅಂದರೆ ಕರಾರು ಮುಗಿದ ಆಟಗಾರ ಬೇರೆ ತಂಡವನ್ನು ಸೇರಬಹುದಾದ ಸ್ಥಿತಿ. ಕನ್ನಡದಲ್ಲಿ ಏಜೆಂಟ್ ಎಂದರೆ ದಲ್ಲಾಳಿ. ಇಲ್ಲಿ ಹಾಗೆ ತಿಳಿದರೆ ಅರ್ಥವೇ ತಲೆಕೆಳಗಾಗುತ್ತದೆ. ‘ಬಿಡುಗಡೆಗೊಂಡ ಆಟಗಾರ’ ಎನ್ನೋಣವೆಂದರೆ, ಐಪಿಎಲ್ ವರದಿಗಳಲ್ಲಿ ತಂಡ ಕೈಬಿಟ್ಟವನಿಗೆ ಆ ಮಾತು ಆಗಲೇ ಸಲ್ಲುತ್ತಿದೆ. ‘ಸ್ವತಂತ್ರ ಆಟಗಾರ’ ಎಂಬುದರಲ್ಲಿ ಯಾವುದರಿಂದ ಸ್ವತಂತ್ರ ಎಂಬುದು ಕಾಣದು. ಸದ್ಯಕ್ಕೆ ‘ಕರಾರುಮುಕ್ತ ಆಟಗಾರ’ ಎಂದು ಬರೆದುಕೊಂಡಿದ್ದೇನೆ. ಆದರೆ 1976ರ ನಂತರವೂ ಕರಾರು ಮುಗಿದವನನ್ನು ಸೇರಿಸಿಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಿತ್ತು. ಯಾವ ಕಟ್ಟೂ ಇಲ್ಲದ ಬಿಡುಗಡೆ ಸಿಕ್ಕಿದ್ದು 1988ರಲ್ಲಿ. ಈ ಎರಡು ಸ್ಥಿತಿಗಳಿಗೂ ‘ಮುಕ್ತ’ ಎಂಬ ಒಂದೇ ಪದ ಸಾಕೇ?

ಮೊದಲನೆಯದಕ್ಕೆ ‘ತಂಡಬದ್ಧ ಷರತ್ತು’ ಎಂಬುದು ನಾನೇ ಕಟ್ಟಿಕೊಂಡ ಪದ. ಕಿವಿಗೆ ಸ್ವಲ್ಪ ಒರಟು. ಗೇಣಿ, ಭೋಗ್ಯ, ಗುತ್ತಿಗೆಗಳ ಹಳೆಯ ಪತ್ರಗಳಲ್ಲಿ ಇದಕ್ಕೊಪ್ಪುವ ಪದವೇನಾದರೂ ಬಲ್ಲವರಿಗೆ ಕಂಡಿದ್ದರೆ ತಿಳಿಸಬೇಕೆಂದು ಕೋರುತ್ತೇನೆ.