ಟೊಮೆಟೊ ಸಸಿ ಪಾರ್ಸಲ್‌ನಲ್ಲಿ ತರಿಸೋದು: ಬೇಲೂರು ಕಡೆ 5 ಗುಂಟೆಗೆ

ಹಳೇಬೀಡು_ರಸ್ತೆ ಕೇಳಿದ್ದು:

ಬೇಲೂರು ತಾಲ್ಲೂಕು, 5 ಗುಂಟೆ, ಕೆಂಪು ಮಣ್ಣು, ಡ್ರಿಪ್ ಇದೆ. ಹಿಂದಿನ ಬೆಳೆ ಮುಸುಕಿನ ಜೋಳ, ಅದಕ್ಕೂ ಮುಂಚೆ ಒಂದು ವರ್ಷ ಶುಂಠಿ. ಅಕ್ಟೋಬರ್ 28ರ ಸುಮಾರಿಗೆ ಟೊಮೆಟೊ ನಾಟಿ ಮಾಡಬೇಕು. ಬೇಕಾಗಿರೋ ತಳಿ ಅರ್ಕಾ ರಕ್ಷಕ್, ಹತ್ತಿರದ ನರ್ಸರಿಗಳಲ್ಲಿ ಸಿಗ್ತಿಲ್ಲ. ಬೆಂಗಳೂರು ಕಡೆಯ ಒಂದು ನರ್ಸರಿಯವರು ಫೋನಲ್ಲೇ ಆರ್ಡರ್ ತಗೊಂಡು ಪಾರ್ಸಲ್ ಹಾಕ್ತೀವಿ ಅಂತಾರೆ.

ಎಷ್ಟು ಸಸಿ ಹೇಳಬೇಕು, ಎಷ್ಟು ದಿನದ್ದು? ಕೊರಿಯರ್ ವಾಸಿನಾ, ಬಸ್ ಪಾರ್ಸಲ್ಲಾ? ಬಂದ ದಿನವೇ ನೆಡಬಹುದಾ? ಕಸಿ ಸಸಿಯೂ ಇದೆಯಂತೆ, ರೇಟು ಜಾಸ್ತಿ. ಅದು ಬೇಕಾ?

---

ಟ್ರೇ98:

ಮೊದಲು ಲೆಕ್ಕ. 5 ಗುಂಟೆ ಅಂದ್ರೆ ಹೆಚ್ಚೂಕಮ್ಮಿ 500 ಚದರ ಮೀಟರ್. ಜಾಗ 25 × 20 ಮೀಟರ್ ಇದೆ ಅಂತ ಇಟ್ಕೊಳ್ಳಿ. ಸಾಲಿಂದ ಸಾಲಿಗೆ 4 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ 16 ಸಾಲು, ಸಾಲಿಗೆ 55 ಗಿಡ, ಒಟ್ಟು 880. ಸಸಿ ಬರೋದು 98 ಗುಣಿಯ ಟ್ರೇ ಲೆಕ್ಕದಲ್ಲಿ. 10 ಟ್ರೇ ಹೇಳಿ, 980 ಆಗುತ್ತೆ. ಮಿಕ್ಕ 100 ಸಸಿ ಖಾಲಿ ಬಿದ್ದ ಕಡೆ ತುಂಬೋಕೆ. ನಾಟಿಯಾದ 10 ದಿನದೊಳಗೆ ತುಂಬಿಬಿಡಿ, ಆಮೇಲೆ ಹಾಕಿದ ಗಿಡ ಪಕ್ಕದವುಗಳ ನೆರಳಲ್ಲಿ ಮೇಲೇಳಲ್ಲ.

ವಯಸ್ಸು 22ರಿಂದ 25 ದಿನ. 18 ದಿನದ್ದಕ್ಕೆ ಬೇರು ಕೋಕೋಪೀಟನ್ನ (ಟ್ರೇಗೆ ತುಂಬೋ ತೆಂಗಿನ ನಾರಿನ ಪುಡಿ) ಪೂರ್ತಿ ಹಿಡಿದಿರಲ್ಲ, ದಾರಿಯಲ್ಲೇ ಹೆಂಟೆ ಉದುರುತ್ತೆ. 35 ದಿನ ದಾಟಿದ್ದು ಗುಣಿಯೊಳಗೆ ಸುತ್ತು ಹಾಕಿ ನಿಂತಿರುತ್ತೆ, ನೆಟ್ಟ ಮೇಲೂ ಬೇರು ಆ ಸುತ್ತು ಬಿಡಲ್ಲ. ಯಾರೋ ಬೇಡ ಅಂದು ಉಳಿದ ಟ್ರೇ ಪಾರ್ಸಲ್ ಗಿರಾಕಿಗೆ ಹೋಗೋದು ಮಾಮೂಲಿ. ಗುರುತು: ತುದಿಯಲ್ಲಿ ಮೊಗ್ಗು, ಬುಡದ ಎರಡು ಬೀಜದೆಲೆ ಹಳದಿ ಅಥವಾ ಉದುರಿರೋದು, ಕಂದು ಬೇರು. ಒಳ್ಳೇ ಸಸಿಯ ಕಾಂಡ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ, ಎತ್ತರ 5-6 ಇಂಚು, ಎಲೆ 4-5, ಬೇರು ಬಿಳಿ.

ಹಾಗಾಗಿ ದಿನಾಂಕ ನೀವೇ ಹೇಳಬೇಕು. ನಾಟಿ ಅಕ್ಟೋಬರ್ 28 ಅಂದ್ರೆ, ಬಂದ ಮೇಲೆ 3 ದಿನ ನೆರಳಲ್ಲಿ, ಒಂದು ರಾತ್ರಿ ಪ್ರಯಾಣ, ಅದಕ್ಕೂ ಹಿಂದೆ 24 ದಿನ. ಬೀಜ ಟ್ರೇಗೆ ಬೀಳಬೇಕಾದ್ದು ಸೆಪ್ಟೆಂಬರ್ 30ಕ್ಕೆ. ಬಿತ್ತಿದ ದಿನವೇ ಬೀಜದ ಪ್ಯಾಕೆಟ್ಟಿನ ಲಾಟ್ ನಂಬರ್ ಕಾಣೋ ಹಾಗೆ ಫೋಟೊ ಕೇಳಿ, ಬಿಲ್ಲಲ್ಲಿ ತಳಿಯ ಹೆಸರು ಬರೆಸಿ. ಬರೀ ‘ಹೈಬ್ರಿಡ್ ಟೊಮೆಟೊ ಸಸಿ’ ಅಂತ ಬರೆದ ಬಿಲ್ಲು ಇಟ್ಕೊಂಡು ನಾಳೆ ಏನೂ ಕೇಳೋಕಾಗಲ್ಲ.

ಪ್ಯಾಕಿಂಗ್ ಬಗ್ಗೆ ಮುಲಾಜಿಲ್ಲದೆ ಹೇಳಿ. ನೀರು ಹಿಂದಿನ ಸಂಜೆಯೇ ಕೊಟ್ಟಿರಬೇಕು, ಪೆಟ್ಟಿಗೆಗೆ ಹಾಕುವಾಗ ಎಲೆ ಒಣಗಿರಬೇಕು, ಬೇರು ಮಾತ್ರ ಹಸಿ. 20-25 ಸಸಿ ಒಂದು ಕಟ್ಟು, ಬೇರಿನ ಭಾಗಕ್ಕೆ ನ್ಯೂಸ್‌ಪೇಪರ್, ಅದರ ಮೇಲೆ ಬೇಕಾದ್ರೆ ಪ್ಲಾಸ್ಟಿಕ್ ಕವರ್. ಪ್ಲಾಸ್ಟಿಕ್ ಎಲೆ ಮೇಲೆ ಬಂದ್ರೆ ಒಳಗೆ ಬೆವರಿ ಬೆಳಗಾಗೋದ್ರಲ್ಲಿ ಎಲೆ ಕೊಳೆಯೋಕೆ ಶುರು. ಕಟ್ಟುಗಳು ನಿಂತೇ ಇರಬೇಕು, ಒಂದೇ ಪದರ, ಪೆಟ್ಟಿಗೆಯ ನಾಲ್ಕೂ ಬದಿ ತೂತು.

ಬಸ್ಸೇ ವಾಸಿ. ರಾತ್ರಿ ಬೆಂಗಳೂರಲ್ಲಿ ಹತ್ತಿಸಿದ್ದು ಬೆಳಗ್ಗೆ ಹಾಸನ ಬಸ್‌ಸ್ಟ್ಯಾಂಡಲ್ಲಿ ನಿಮ್ಮ ಕೈಗೆ ಬರುತ್ತೆ. ಕೆಎಸ್‌ಆರ್‌ಟಿಸಿಯವರ ನಮ್ಮ ಕಾರ್ಗೋ ಇದೆ, ಆದ್ರೆ ಹಸಿ ಸಸಿ ತಗೋತಾರಾ ಅಂತ ಬುಕ್ ಮಾಡೋ ಕೌಂಟರ್‌ನಲ್ಲೇ ನರ್ಸರಿಯವರು ಮುಂಚೆ ಕೇಳಿರಲಿ. ಕೊರಿಯರ್ರೇ ಗತಿ ಅಂದ್ರೆ ಸೋಮವಾರ ಅಥವಾ ಮಂಗಳವಾರ ಕಳಿಸೋಕೆ ಹೇಳಿ, ಶುಕ್ರವಾರ ಹೊರಟಿದ್ದು ಭಾನುವಾರ ಯಾವುದೋ ಗೋಡೌನಲ್ಲಿ ಕೂತಿರುತ್ತೆ. ಹಳ್ಳಿ ವಿಳಾಸ ಕೊಡಬೇಡಿ, ಪೇಟೆಯ ಆಫೀಸಿಗೆ ತರಿಸಿ ನೀವೇ ಹೋಗಿ ತಗೊಳ್ಳಿ.

---

ಮೂಡಿಗೆರೆ_ಮಳೆ:

ಬಂದ ದಿನ ನೆಡಬೇಡಿ. ನೆರಳುಪರದೆ ಕೆಳಗೆ ಬೆಳೆದ ಸಸಿ, ಒಂದು ರಾತ್ರಿ ಕತ್ತಲಲ್ಲಿ ಕೂತು ಬಂದಿದೆ. ನೇರ ಬಿಸಿಲಿಗಿಟ್ಟರೆ ಎಲೆ ಅಂಚು ಬೆಳ್ಳಗೆ ಸುಡುತ್ತೆ.

ಪೆಟ್ಟಿಗೆಯನ್ನ ಮನೆ ನೆರಳಲ್ಲಿ ತಕ್ಷಣ ಬಿಚ್ಚಿ. ಬಿಚ್ಚೋದನ್ನ ವಿಡಿಯೊ ಮಾಡ್ಕೊಳ್ಳಿ, ಸತ್ತ ಸಸಿಗೆ ಬದಲಿ ಕೇಳೋಕೆ ಅದೇ ಸಾಕ್ಷಿ. ಮೇಲಿಂದ ನೀರು ಸುರಿಯಬೇಡಿ. ಅಗಲದ ಬೇಸಿನ್ನಲ್ಲಿ ಒಂದು ಇಂಚು ನೀರು ಬಿಟ್ಟು ಕಟ್ಟುಗಳನ್ನ 10-15 ನಿಮಿಷ ನಿಲ್ಲಿಸಿ, ಕೋಕೋಪೀಟ್ ಕೆಳಗಿಂದ ಎಳ್ಕೊಳ್ಳುತ್ತೆ. ಆಮೇಲೆ ಕಟ್ಟು ಬಿಚ್ಚಿ, ಖಾಲಿ ಟ್ರೇ ಇದ್ದರೆ ಅದರಲ್ಲಿ, ಇಲ್ಲದಿದ್ರೆ ಬುಟ್ಟಿಯಲ್ಲಿ ಒತ್ತೊತ್ತಾಗದ ಹಾಗೆ ಜೋಡಿಸಿ. ಒಂದೂವರೆ ದಿನ ಪೂರ್ತಿ ನೆರಳು. ಮುಂದಿನ ಎರಡು ದಿನ ಬೆಳಗ್ಗೆ 10ರವರೆಗೆ ಬಿಸಿಲು, ನೀರು ಸ್ವಲ್ಪ ಕಡಿಮೆ. ಈ 3 ದಿನ ಯಾವ ಗೊಬ್ಬರವೂ ಬೇಡ. ಮನೇಲಿ ಮೆಣಸಿನಗಿಡ ಇದ್ದರೆ ಅದರಿಂದ ದೂರ ಇಡಿ. ಎಲೆ ಅಡಿಭಾಗ ತಿರುವಿ ಬಿಳಿನೊಣ ನೋಡಿ, ಎಲೆ ಮುದುರು ರೋಗ ಹರಡೋದು ಅದೇ.

ಹೊಗೆಸೊಪ್ಪು, ಬೀಡಿ ಮುಟ್ಟಿದ ಕೈಯಲ್ಲಿ ಸಸಿ ಮುಟ್ಟಬಾರದು. ತಂಬಾಕಿನ ಮೊಸಾಯಿಕ್ ನಂಜು ಟೊಮೆಟೊಗೂ ಅಂಟುತ್ತೆ. ತಂಬಾಕು ಬೆಳೆಯೋ ಅರಕಲಗೂಡು, ರಾಮನಾಥಪುರ ಕಡೆಯಿಂದ ಆಳು ಬರೋ ಹಾಗಿದ್ರೆ ಬಕೆಟ್ ಪಕ್ಕ ಒಂದು ಸೋಪು ಇಟ್ಟಿರಿ.

ನಾಟಿ ಸಂಜೆ 4ರ ಮೇಲೆ. ಬೀಜದೆಲೆ ಮುಚ್ಚಿ, ಮೊದಲ ನಿಜ ಎಲೆಯ ಕೆಳಗಿನವರೆಗೆ ಮಣ್ಣೊಳಗೆ ಇಳಿಸಿ, ಟೊಮೆಟೊ ಕಾಂಡಕ್ಕೆ ಅಲ್ಲೆಲ್ಲಾ ಬೇರು ಬಿಡೋ ಗುಣ ಇದೆ. ಉದ್ದುದ್ದ ಬೆಳೆದ ಸಸಿ ಬಂದಿದ್ರೆ ಗುಣೀಲಿ ಓರೆಯಾಗಿ ಮಲಗಿಸಿ ತುದಿ ಮಾತ್ರ ಮೇಲೆ ಬಿಡಿ. ಕೋಕೋಪೀಟ್ ಹೆಂಟೆಯ ನೆತ್ತಿ ಮೇಲೆ ಅರ್ಧ ಇಂಚಾದ್ರೂ ಮಣ್ಣು ಬರಬೇಕು. ಅದು ಗಾಳಿಗೆ ಬಿಟ್ಟಿದ್ರೆ ದೀಪದ ಬತ್ತಿ ಎಣ್ಣೆ ಎಳೆಯೋ ಹಾಗೆ ಒಳಗಿನ ತೇವವನ್ನೆಲ್ಲ ಮೇಲಕ್ಕೆಳೆದು ಒಣಗಿಸುತ್ತೆ. ಡ್ರಿಪ್ ಬಿಟ್ಟಿದ್ದೀನಲ್ಲ, ಆದ್ರೂ ಯಾಕೆ ಒಣಗ್ತಿದೆ ಅನ್ನೋರ ಹೊಲದಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಪಕ್ಕದಲ್ಲಿ ಆಲೂಗೆಡ್ಡೆ ಕಿತ್ತ ಜಮೀನಿದ್ದು ಅಲ್ಲಿ ತಾನಾಗೇ ಎದ್ದ ಗಿಡಗಳಿದ್ರೆ ಕೀಳಿಸಿ. ಎರಡೂ ಬೆಳೆಗೆ ಕೊನೆ ಅಂಗಮಾರಿ ತರೋದು ಒಂದೇ ರೋಗಾಣು.

---

ಕಡೂರು_ಬಯಲುಸೀಮೆ:

ನನ್ನ ಕೇಳಿದ್ರೆ ಸಸಿ ಯಾಕೆ ತರಿಸ್ತೀರಿ, ಬೀಜ ತರಿಸಿ. ಅರ್ಕಾ ರಕ್ಷಕ್ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದ್ದು, ಬೀಜವನ್ನ ಅವರೇ ಆನ್‌ಲೈನಲ್ಲಿ ಮಾರ್ತಾರೆ. ಬೀಜಕ್ಕೆ ದಾರಿಯಲ್ಲಿ ಏನೂ ಆಗಲ್ಲ. 10 ಗ್ರಾಂನಲ್ಲಿ ಸುಮಾರು 3,000 ಬೀಜ, ನಿಮಗೆ 4 ಗ್ರಾಂ ಧಾರಾಳ.

98 ಗುಣಿಯ 10 ಟ್ರೇ, ಟ್ರೇಗೆ ಒಂದೂಕಾಲು ಕೆಜಿ ಕೋಕೋಪೀಟ್. ಗುಣಿಗೆ ಒಂದೇ ಬೀಜ, ಅರ್ಧ ಸೆಂಟಿಮೀಟರ್ ಆಳ. 10 ಟ್ರೇನೂ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸಿ. 3ನೇ ದಿನದಿಂದ ದಿನಾ ಎತ್ತಿ ನೋಡಿ, ಮೊಳಕೆ ಇಣುಕಿದ ದಿನವೇ ಬಿಡಿಸಿ ಹರಡಬೇಕು. ಒಂದು ದಿನ ತಡ ಮಾಡಿದ್ರೂ ಬಿಳಿ ದಾರದ ಹಾಗೆ ಎಳೆದುಬಿಡುತ್ತೆ, ಮತ್ತೆ ಸರಿಹೋಗಲ್ಲ. ಮೇಲೆ 40-50 ಮೆಶ್ ನೈಲಾನ್ ಪರದೆ. 12ನೇ ದಿನ, 20ನೇ ದಿನ 19:19:19 ಗೊಬ್ಬರ ಲೀಟರಿಗೆ 3 ಗ್ರಾಂ. ಇಷ್ಟೇ ಕೆಲಸ. ಹಣ್ಣಿಂದ ಬೀಜ ತೆಗೆದು ಮುಂದಿನ ಸಲಕ್ಕೆ ಇಟ್ಕೋಬೇಡಿ, ಎಫ್1 ಹೈಬ್ರಿಡ್ ಅದು, ಆ ಬೀಜದ ಗಿಡಕ್ಕೆ ಅದೇ ಗುಣ ಬರಲ್ಲ.

---

ಟ್ರೇ98:

@ಕಡೂರು_ಬಯಲುಸೀಮೆ ಸರಿ, ಆದ್ರೆ ಸೆಪ್ಟೆಂಬರ್ ಕೊನೇಲಿ ಬೇಲೂರು ಕಡೆ ಮಳೆ ಪೂರ್ತಿ ಬಿಟ್ಟಿರಲ್ಲ. ಮಳೆ ತಡೆಯೋ ಪಾಲಿ ಸೂರಿಲ್ಲದೆ ಬರೀ ಪರದೆ ಕೆಳಗೆ ಟ್ರೇ ಇಟ್ಟರೆ ಬುಡ ಕೊಳೆಯುತ್ತೆ. ಕಡೂರಲ್ಲಿ ನಡೆಯೋದು ಇಲ್ಲಿ ನಡೆಯಲ್ಲ.

ಇನ್ನೊಂದು, ಕಾಯಿಕೊರಕ ಹುಳುವನ್ನ ಟೊಮೆಟೊ ಬಿಟ್ಟು ಹೂವಿನ ಕಡೆ ಸೆಳೆಯೋಕೆ ಚೆಂಡುಹೂವಿನ ಸಾಲು ಹಾಕೋ ಯೋಚನೆ ಇದ್ದರೆ 16 ಸಾಲು ಟೊಮೆಟೊಗೆ 1 ಸಾಲು ಚೆಂಡು, ನಿಮ್ಮ ಜಾಗಕ್ಕೆ ಸರಿಯಾಗಿ ಒಂದೇ ಸಾಲು. ಎರಡೂ ಒಟ್ಟಿಗೆ ಹೂ ಬಿಡಬೇಕಾದ್ರೆ ಚೆಂಡಿನ ಸಸಿ 40-45 ದಿನದ್ದಿರಬೇಕು. ಅಂದ್ರೆ ಅದರ ಬೀಜ ಸೆಪ್ಟೆಂಬರ್ 15ಕ್ಕೇ ಬೀಳಬೇಕು. ಆರ್ಡರ್ ಮಾಡುವಾಗ ಎಲ್ಲರೂ ಮರೆಯೋದು ಇದನ್ನ.

---

ಸುಣ್ಣದ_ಡಬ್ಬಿ:

ಯಾರೂ ಶುಂಠಿ ವಿಷಯ ಎತ್ತಲಿಲ್ಲ. ಆ ವರ್ಷ ಶುಂಠಿ ಹಸಿರಾಗಿದ್ದಂಗೇ ಸೊರಗಿ, ಬುಡ ಹಿಡಿದು ಎಳೆದ್ರೆ ಕಿತ್ತು ಬರ್ತಿತ್ತಾ? ಹಾಗಿದ್ರೆ ಮಣ್ಣಲ್ಲಿ ದುಂಡಾಣು ಸೊರಗು ಇದೆ ಅಂತಲೇ ಲೆಕ್ಕ. ಟೊಮೆಟೊಗೆ ಬರೋದೂ ಅದೇ ಗುಂಪಿನದ್ದು. ಮಧ್ಯೆ ಮುಸುಕಿನ ಜೋಳ ಹಾಕಿದ್ದು ಒಳ್ಳೇದಾಯ್ತು, ಆದ್ರೆ ಒಂದೇ ಬೆಳೆಗೆ ಅದು ಖಾಲಿಯಾಗಲ್ಲ.

ಅರ್ಕಾ ರಕ್ಷಕ್‌ಗೆ ಎಲೆ ಮುದುರು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಈ ಮೂರನ್ನೂ ತಡೆಯೋ ಶಕ್ತಿ ಇದೆ. ತಡೆಯುತ್ತೆ ಅಂದ್ರೆ ಬರೋದೇ ಇಲ್ಲ ಅಂತಲ್ಲ. ನಿಮ್ಮ ಶುಂಠಿ ಚೆನ್ನಾಗಿಯೇ ಬಂದಿತ್ತು ಅಂದ್ರೆ ಕಸಿ ಸಸಿಗೆ ದುಡ್ಡು ಹಾಕಬೇಡಿ. ಕಾಲು ಭಾಗಕ್ಕಿಂತ ಹೆಚ್ಚು ಕೊಳೆತಿತ್ತು ಅಂದ್ರೆ ಕಾಡುಬದನೆ ಬೇರಿನ ಮೇಲೆ ಕಟ್ಟಿದ ಕಸಿ ತರಿಸಿ. ಅದನ್ನ ನೆಡೋ ಕ್ರಮ ಬೇರೆ. ಮೇಲೆ ಹೇಳಿದ ಹಾಗೆ ಆಳಕ್ಕೆ ಇಳಿಸಿದ್ರೆ ಕಸಿ ಗಂಟು ಮಣ್ಣೊಳಗೆ ಹೋಗಿ ಟೊಮೆಟೊ ಭಾಗವೇ ಬೇರು ಬಿಡುತ್ತೆ, ಕೊಟ್ಟ ದುಡ್ಡೆಲ್ಲಾ ನೀರಲ್ಲಿ ಹೋಮ. ಗಂಟು ಮಣ್ಣಿಂದ ಒಂದು ಇಂಚಾದ್ರೂ ಮೇಲಿರಲಿ, ಅದರ ಕೆಳಗೆ ಬರೋ ಬದನೆ ಚಿಗುರು ವಾರಕ್ಕೊಮ್ಮೆ ಚಿವುಟಿ.

ಪರೀಕ್ಷೆ ಸುಲಭ: ಸೊರಗಿದ ಗಿಡದ ಕಾಂಡವನ್ನ ಬುಡದ ಹತ್ತಿರ ಎರಡು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮಾತ್ರ ಮುಳುಗೋ ಹಾಗೆ ಹಿಡಿಯಿರಿ. ದುಂಡಾಣು ಇದ್ದರೆ ಐದು ನಿಮಿಷದೊಳಗೆ ಹಾಲಿನ ಎಳೆ ಕೆಳಗಿಳಿಯುತ್ತೆ. ಮಣ್ಣಿನ ಹುಳಿ ಎಷ್ಟಿದೆ ಅಂತ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಪರೀಕ್ಷೆ ನೋಡಿಯೇ ಸುಣ್ಣ ಹಾಕಿ. ಸುಣ್ಣ ಮಣ್ಣಿಗೆ ಸೇರೋದು ನಾಟಿಗೆ 3-4 ವಾರ ಮುಂಚೆ.

---

ಹಳೇಬೀಡು_ರಸ್ತೆ:

ಎಲ್ಲರಿಗೂ ಥ್ಯಾಂಕ್ಸ್. ಶುಂಠಿ ಕೊಳೆತಿರಲಿಲ್ಲ, ಕಸಿ ಬಿಟ್ಟು ಮಾಮೂಲಿ ಸಸಿಯೇ ತರಿಸಿದ್ದು. ಇವತ್ತು ಬೆಳಗ್ಗೆ ಪೆಟ್ಟಿಗೆ ಬಂತು. ಬೇರು ಹಸಿಯಾಗೇ ಇದೆ, ಆದ್ರೆ ಬಹಳಷ್ಟು ಸಸಿಗಳ ಎಲೆ ತೊಟ್ಟು ಕೊಡೆ ಮಡಚಿದ ಹಾಗೆ ಕೆಳಗೆ ಬಾಗಿವೆ. ಒಂದು ಕಟ್ಟಿನಲ್ಲಿ ಏಳೆಂಟು ಅಡ್ಡಬಿದ್ದಿವೆ. ನೀರು ಜಾಸ್ತಿ ಕೊಡಬೇಕಾ?

---

ಮೂಡಿಗೆರೆ_ಮಳೆ:

ಬೇಡ. ಎಲೆಯನ್ನ ಬೆರಳಲ್ಲಿ ಹಿಡಿದು ನೋಡಿ. ತೊಟ್ಟು ಬಾಗಿದ್ದೂ ಎಲೆ ಗಟ್ಟಿಯಾಗಿದ್ರೆ ಅದು ನೀರಡಿಕೆಯಲ್ಲ, ಮುಚ್ಚಿದ ಪೆಟ್ಟಿಗೆಯೊಳಗೆ ಸಸಿಗಳೇ ಬಿಟ್ಟು ಸೇರಿಕೊಂಡ ಎಥಿಲೀನ್ ಅನಿಲದ ಕೆಲಸ. ನೆರಳಲ್ಲಿ ಗಾಳಿಯಾಡೋ ಕಡೆ ಇಟ್ಟರೆ ಒಂದೆರಡು ದಿನದಲ್ಲಿ ತಾನಾಗೇ ಏಳುತ್ತೆ. ಎಲೆ ಬಟ್ಟೆಯ ಹಾಗೆ ಮೆತ್ತಗಾಗಿ ಹೆಂಟೆ ಹಗುರ ಇದ್ದರೆ ಮಾತ್ರ ನೀರು.

ಅಡ್ಡಬಿದ್ದಿರೋದರ ಬುಡ ನೋಡಿ. ಮಣ್ಣಿನ ಮಟ್ಟದಲ್ಲಿ ಕಾಂಡ ಕಂದಾಗಿ, ದಾರ ಬಿಗಿದು ಕಟ್ಟಿದ ಹಾಗೆ ಸಣ್ಣಗಾಗಿದ್ರೆ ಬುಡಕೊಳೆ. ಅವನ್ನ ಆಳಕ್ಕೆ ನೆಟ್ಟು ಬದುಕಿಸೋಕೆ ಹೋಗಬೇಡಿ. ಆ ಕಟ್ಟನ್ನ ಪೂರ್ತಿ ಬೇರೆ ಮಾಡಿ, ಫೋಟೊ ಇವತ್ತೇ ನರ್ಸರಿಗೆ ಕಳಿಸಿ. ಉಳಿದವುಗಳ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಒಂದು ಸಲ ಹನಿಸಿ. ಟ್ರೈಕೋಡರ್ಮ (ರೋಗ ತಡೆಯೋ ಉಪಕಾರಿ ಶಿಲೀಂಧ್ರ) ಬೆರೆಸಿದ ಕೊಟ್ಟಿಗೆ ಗೊಬ್ಬರ ಗುಣಿಗೆ ಹಾಕೋದಿದ್ರೆ ಅದನ್ನ ಎರಡು ವಾರ ಮುಂದಕ್ಕೆ ಹಾಕಿ. ತಾಮ್ರ ಬಿದ್ದ ಕಡೆ ಅದೂ ಉಳಿಯಲ್ಲ.