‘ಎವಿಡೆನ್ಸ್’ಗೆ ‘ಸಾಕ್ಷ್ಯ’ ಸರಿಯೇ? ‘ಅನುಷ್ಠಾನ’ದ ಬದಲು ಏನು ಬಳಸಬಹುದು?

ಬಳಗದ ಎಲ್ಲರಿಗೂ ನಮಸ್ಕಾರ.

ಗದಗಿನಿಂದ ಬರೆಯುತ್ತಿದ್ದೇನೆ. ‘ಎವಿಡೆನ್ಸ್’ ಮತ್ತು ‘ಇಂಪ್ಲಿಮೆಂಟೇಶನ್’, ಈ ಎರಡು ಇಂಗ್ಲಿಷ್ ಪದಗಳ ಬಗ್ಗೆ ನಿಮ್ಮ ಸಹಾಯ ಬೇಕಾಗಿದೆ. ಒಂದು ತಿಂಗಳಿಂದ ಹುಡುಕುತ್ತಿದ್ದೇನೆ, ಮನಸ್ಸಿಗೆ ಪೂರ್ತಿ ಒಪ್ಪುವ ಪದ ಸಿಕ್ಕಿಲ್ಲ.

ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುವ ಸಿಸ್ಟರ್‌ಗಳಿಗಾಗಿ ಒಂದು ತರಬೇತಿ ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಶೋಧನೆಯಿಂದ ಗೊತ್ತಾದದ್ದನ್ನು ದಿನದ ಕೆಲಸದಲ್ಲಿ ಬಳಸುವುದು ಹೇಗೆ ಅನ್ನುವುದು ಅದರ ವಿಷಯ. ಕೆಲಸ ಕೊಟ್ಟವರು ಒಂದು ಪದಪಟ್ಟಿಯನ್ನೂ ಕಳಿಸಿದ್ದರು. ಅದರ ಪ್ರಕಾರ ಮೊದಲ ಅಧ್ಯಾಯದ ಹೆಸರು ‘ಸಾಕ್ಷ್ಯಾಧಾರಿತ ಶುಶ್ರೂಷಾ ಪದ್ಧತಿಗಳ ಅನುಷ್ಠಾನ’ ಅಂತ ಆಯಿತು.

ನಮ್ಮ ವೈನಿ ಹಾವೇರಿ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆರಿಗೆ ಕೋಣೆಯಲ್ಲೇ ದುಡಿದವರು. ಹಬ್ಬಕ್ಕೆ ಬಂದಾಗ ಈ ಹೆಸರನ್ನು ಅವರಿಗೆ ಓದಿ ಹೇಳಿದೆ. ‘ಸಾಕ್ಷ್ಯ ಅಂದ್ರ ಕೋರ್ಟಿನ ಮಾತಲ್ಲೇನು? ನಮ್ಮ ಮ್ಯಾಲೆ ಯಾರರ ಕೇಸ್ ಹಾಕ್ಯಾರೇನು?’ ಅಂತ ಕೇಳಿದರು. ಅವರು ಚೇಷ್ಟೆಗೆ ಕೇಳಲಿಲ್ಲ. ತಾಯಿಗೋ ಮಗುವಿಗೋ ಏನಾದರೂ ಆದರೆ ಮೊದಲು ಬೆರಳು ತೋರಿಸುವುದು ಸಿಸ್ಟರ್ ಕಡೆಗೆ. ಆ ಅಂಜಿಕೆ ಅವರ ಬೆನ್ನಿಗೇ ಇರುತ್ತದೆ. ಕಲಿಸುವ ಪುಸ್ತಕದ ಮೊದಲ ಪದವೇ ಅದನ್ನು ನೆನಪಿಸಿದರೆ ಯಾರು ಓದುತ್ತಾರೆ?

‘ಅನುಷ್ಠಾನ’ದ ಕಥೆಯೂ ಹಾಗೆಯೇ. ನಮ್ಮ ಕಡೆ ಅನುಷ್ಠಾನಕ್ಕೆ ಕೂಡುವವರು ಸ್ವಾಮಿಗಳು. ಮೌನ ಅನುಷ್ಠಾನ, ಶ್ರಾವಣದ ಅನುಷ್ಠಾನ ಅಂತ ಊರೂರಲ್ಲಿ ಬ್ಯಾನರ್ ಕಟ್ಟಿರುತ್ತಾರೆ. ಸರ್ಕಾರಿ ಕಡತದಲ್ಲಿ ‘ಯೋಜನೆಯ ಅನುಷ್ಠಾನ’ ಎಷ್ಟೇ ಹಳೆಯ ಮಾತಾಗಿದ್ದರೂ ವೈನಿಯ ಕಿವಿಗೆ ಅದು ಮಠದ ಮಾತೇ.

ಆಮೇಲೆ ಕೂತು ಯೋಚಿಸಿದಾಗ ‘ಸಾಕ್ಷ್ಯ’ದಲ್ಲಿ ಇದಕ್ಕಿಂತ ದೊಡ್ಡ ತೊಡಕು ಕಂಡಿತು. ಸಾಕ್ಷಿ ಅಂದರೆ ಕಣ್ಣಾರೆ ಕಂಡವನು. ಪದದೊಳಗೇ ‘ಅಕ್ಷಿ’, ಅಂದರೆ ಕಣ್ಣು, ಕೂತಿದೆ. ಆದರೆ ವೈದ್ಯಕೀಯದಲ್ಲಿ ಎವಿಡೆನ್ಸ್ ಬೇಕಾಗುವುದೇ ಒಬ್ಬರ ಕಣ್ಣನ್ನು ನಂಬಿ ಕೂಡಬಾರದು ಅನ್ನುವ ಕಾರಣಕ್ಕೆ. ಹಾಗಿದ್ದ ಮೇಲೆ ಈ ಪದ ಅರ್ಥವನ್ನು ತಿರುಗುಮುರುಗು ಮಾಡಿದಂತೆ ಆಗುವುದಿಲ್ಲವೇ?

ನಮ್ಮ ನೆರೆಯ ಬೆಳಗಾವಿಯದೇ ಒಂದು ಉದಾಹರಣೆ ಕೊಡುತ್ತೇನೆ. ಹೆರಿಗೆ ಆದ ಮೇಲೆ ರಕ್ತ ಜಾಸ್ತಿ ಹೋಗಿ ತಾಯಂದಿರು ಸಾಯುವುದನ್ನು ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಕೆಲಸ ಮಾಡುತ್ತದೆಯೇ ಅಂತ ಅಲ್ಲಿಯ ಹಳ್ಳಿಗಳಲ್ಲಿ ಪರೀಕ್ಷೆ ನಡೆಯಿತು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1,620 ತಾಯಂದಿರಲ್ಲಿ ಸುಮಾರು ಅರ್ಧ ಜನಕ್ಕೆ ಔಷಧವಿರುವ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ತಾಯಿಗೂ ಗೊತ್ತಿಲ್ಲ, ಕೊಟ್ಟ ಎಎನ್‌ಎಂಗೂ, ಅಂದರೆ ಹಳ್ಳಿಯ ಆರೋಗ್ಯ ಸಿಸ್ಟರ್‌ಗೂ, ಗೊತ್ತಿಲ್ಲ. ಔಷಧ ಸಿಗದವರಲ್ಲಿ ನೂರಕ್ಕೆ 12 ಜನರಿಗೆ ಹೆಚ್ಚು ರಕ್ತಸ್ರಾವವಾಯಿತು. ಸಿಕ್ಕವರಲ್ಲಿ ನೂರಕ್ಕೆ 6.4. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಬರೆದುಕೊಳ್ಳಲಿಲ್ಲ. ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಕೆಳಗೆ ಹಾಸಿ, ಅದರ ಚೀಲದಲ್ಲಿ ಕೂಡಿದ್ದನ್ನು ಅಳೆದರು. ಕಣ್ಣಂದಾಜು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆಯನ್ನೇ ಹೇಳುತ್ತದೆ.

ಅಂಥದ್ದೇ ಹಾಳೆ ಮುಂದೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಪರೀಕ್ಷೆಯಲ್ಲಿ ಬಳಕೆಯಾಯಿತು. 2023ರಲ್ಲಿ ಅದರ ಫಲಿತಾಂಶ ಬಂತು. ಹಳೆಯ ರೀತಿಯಲ್ಲಿ ಹೆಚ್ಚು ರಕ್ತ ಹೋದವರಲ್ಲಿ ಅರ್ಧದಷ್ಟು ಜನರದ್ದು ಮಾತ್ರ ಗೊತ್ತಾಗುತ್ತಿತ್ತು. ಹಾಳೆ ಹಾಸಿ ಅಳೆದ ಕಡೆ ನೂರಕ್ಕೆ 93 ಜನರದ್ದು ಗೊತ್ತಾಯಿತು. ವಿಪರೀತ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಇವೆಲ್ಲ ಸೇರಿ ಶೇ 60ರಷ್ಟು ಇಳಿದವು. ಇದರಲ್ಲಿ ಹೊಸ ಔಷಧ ಒಂದೂ ಇರಲಿಲ್ಲ. ಗರ್ಭಕೋಶ ತಿಕ್ಕುವುದು, ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್, ರಕ್ತ ನಿಲ್ಲಲು ಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಸಲೈನ್, ಎಲ್ಲ ಮೊದಲಿನಿಂದ ಗೊತ್ತಿದ್ದವೇ. ಒಂದಾದ ಮೇಲೆ ಒಂದು ಅಂತ ಕಾಯದೆ ಎಲ್ಲವನ್ನೂ ಕೂಡಿಸಿ ಕೂಡಲೇ ಮಾಡುವುದನ್ನು ಸಿಸ್ಟರ್‌ಗಳಿಗೆ ಕಲಿಸಿದರು. ಬೇಕಾದ ಸಾಮಾನೆಲ್ಲ ಒಂದೇ ಟ್ರೇಯಲ್ಲಿ ಕೈಗೆ ಸಿಗುವಂತೆ ಇಟ್ಟರು. ಎಷ್ಟು ನಡೆಯುತ್ತಿದೆ ಅಂತ ಆಗಾಗ ನೋಡಿ ಅವರಿಗೇ ತಿಳಿಸಿದರು.

ವೈನಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ, ‘ನಾವು ಅರಿವಿ ತೊಯ್ದದ್ದು ನೋಡಿ ಇಷ್ಟು ಹೋಗಿರಬೇಕು ಅಂತ ಬರೀತಿದ್ವಿ’ ಅಂದರು. ನನಗೆ ಬೇಕಾದ ಪದ ಈ ಮಾತಿನ ಎದುರು ನಿಲ್ಲುವಂಥದ್ದು. ಅಂದಾಜು ಒಂದು ಕಡೆ, ಇನ್ನೊಂದು ಕಡೆ ಏನು?

ಪುರಾವೆ? ಮರಾಠಿಯಿಂದ ಬಂದು ನಮ್ಮದೇ ಆಗಿರುವ ಪದ. ಆದರೆ ‘ಪುರಾವೆ ಕೊಡು’ ಅಂದರೆ ಜಗಳದ ದನಿ. ರುಜುವಾತು ಅಂದರೆ ಒಮ್ಮೆ ತೀರ್ಮಾನವಾಗಿ ಮುಗಿದದ್ದು. ವೈದ್ಯಕೀಯದಲ್ಲಿ ಹಾಗೆ ಮುಗಿಯುವುದಿಲ್ಲ. ವೈನಿಗೆ ಕಲಿಸಿದ್ದು ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸಬೇಕು ಅಂತ. ಈಗ ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 1 ನಿಮಿಷ ಬಿಡಿ ಅನ್ನುತ್ತದೆ. ಅಷ್ಟರಲ್ಲಿ ಮಾಸಿನಿಂದ ಮಗುವಿಗೆ ಇನ್ನಷ್ಟು ರಕ್ತ ಹರಿದು, ಕಬ್ಬಿಣದಂಶ ಕೂಡಿಕೊಳ್ಳುತ್ತದೆ. ಇನ್ನು ‘ಆಧಾರ’ ಅಂದರೆ ಈಗ ಎಲ್ಲರೂ ಕಾರ್ಡನ್ನೇ ಹುಡುಕುತ್ತಾರೆ. ‘ಆಧಾರ ಸಹಿತ ಆರೈಕೆ’ ಅಂತ ಬರೆದರೆ ದಾಖಲಾಗುವಾಗ ಕಾರ್ಡಿನ ಝೆರಾಕ್ಸ್ ಕೊಡಬೇಕು ಅಂತಲೇ ಓದಿಕೊಳ್ಳುತ್ತಾರೆ.

ನನಗೆ ಹೊಳೆದದ್ದು ‘ಒರೆ’. ಪತ್ತಾರರು ಬಂಗಾರವನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತಾರೆ. ಕಲ್ಲು ಅದು ಬಂಗಾರ ಹೌದೋ ಅಲ್ಲವೋ ಅಂತ ಹೇಳಿ ಸುಮ್ಮನಾಗುವುದಿಲ್ಲ, ಎಷ್ಟು ಅಪ್ಪಟ ಅನ್ನುವುದನ್ನೂ ತೋರಿಸುತ್ತದೆ. ಎವಿಡೆನ್ಸ್‌ನಲ್ಲೂ ಹೀಗೆ ದರ್ಜೆಗಳಿವೆ. ಗ್ರೇಡ್ ಅನ್ನುವ ಪದ್ಧತಿಯಲ್ಲಿ ಅದನ್ನು ಹೆಚ್ಚು, ಮಧ್ಯಮ, ಕಡಿಮೆ, ತೀರಾ ಕಡಿಮೆ ಅಂತ ನಾಲ್ಕು ಮಟ್ಟದಲ್ಲಿ ಹೇಳುತ್ತಾರೆ. ‘ಒರೆಗೆ ಹಚ್ಚಿದ ತಿಳಿವಳಿಕೆ’ ಅಂದರೆ ವೈನಿಗೆ ಒಂದೇ ಸಲಕ್ಕೆ ತಿಳಿಯಿತು. ತೊಂದರೆ ಏನೆಂದರೆ ಇದು ಉದ್ದವಾಯಿತು. ಬರೀ ‘ಒರೆ’ ಅಂದರೆ ಕತ್ತಿಯ ಒರೆಯೂ ನೆನಪಾಗುತ್ತದೆ. ಒಂಟಿಯಾಗಿ ನಿಲ್ಲುವ ನಾಮಪದ ಬೇಕು.

ಇಲ್ಲಿ ಇನ್ನೊಂದು ಪದದ ಮಾತು ಬಂದೇ ಬರುತ್ತದೆ: ಕೈಗುಣ. ‘ಆ ಡಾಕ್ಟರ ಕೈಗುಣ ಚಲೋ ಐತಿ’ ಅಂತ ನಮ್ಮ ಜನ ಹುಬ್ಬಳ್ಳಿ ತನಕ ಹೋಗುತ್ತಾರೆ. ಸಂಶೋಧನೆಯ ಮಾತಾಡುವ ಕೆಲವರು ಈ ಪದವನ್ನು ಮೂಢನಂಬಿಕೆ ಅಂತ ತಳ್ಳಿಹಾಕುವುದನ್ನು ಕೇಳಿದ್ದೇನೆ. ನನಗೆ ಅದು ಸರಿ ಅನ್ನಿಸುವುದಿಲ್ಲ. 1996ರಲ್ಲಿ ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಜೊತೆಯವರು ಎವಿಡೆನ್ಸ್ ಬೇಸ್ಡ್ ಮೆಡಿಸಿನ್ ಅಂದರೆ ಏನು ಅಂತ ವಿವರಿಸಿದಾಗ, ಸಂಶೋಧನೆಯ ಜೊತೆಗೆ ವೈದ್ಯರ ಸ್ವಂತ ಅನುಭವವನ್ನೂ ಕೂಡಿಸಿಯೇ ಹೇಳಿದರು. ಎರಡರಲ್ಲಿ ಒಂದೇ ಸಾಲದು ಅಂದರು. ರೋಗಿಯ ಇಷ್ಟವನ್ನೂ ಮರೆಯಲಿಲ್ಲ. ಹಾಗಾಗಿ ಕೈಗುಣವನ್ನು ಹಂಗಿಸದ ಪದವನ್ನೇ ಆರಿಸಬೇಕು. ನಾವು ಆರಿಸುವ ಪದ ವೈನಿಯಂಥವರ ಇಪ್ಪತ್ತು ವರ್ಷವನ್ನು ಸುಳ್ಳು ಅನ್ನಬಾರದು.

ಈಗ ಎರಡನೆಯ ಪದ. ‘ಜಾರಿ’ ಮೇಲಿನಿಂದ ಬಂದ ಆದೇಶಕ್ಕೆ ಸರಿ. ‘ಅಳವಡಿಕೆ’ ಮೀಟರ್‌ಗೆ, ಕ್ಯಾಮೆರಾಕ್ಕೆ ಸರಿ. ‘ಕಾರ್ಯರೂಪ’ ಯೋಜನೆಗೆ ಸರಿ. ಆದರೆ ಸಿಸ್ಟರ್ ರಾತ್ರಿ ಎರಡು ಗಂಟೆಗೆ, ಒಬ್ಬರೇ ಡ್ಯೂಟಿಯಲ್ಲಿರುವಾಗ, ಯಾರೂ ನೆನಪಿಸದೆ ಆ ಹಾಳೆಯನ್ನು ಹಾಸುತ್ತಾರಲ್ಲ, ಅದಕ್ಕೆ ಏನನ್ನಬೇಕು? ವೈನಿ ಹೇಳಿದ್ದು ‘ಕೈಗೆ ರೂಢಿ ಆಗಬೇಕು’ ಅಂತ. ರೊಟ್ಟಿ ಬಡಿಯಲು ಕಲಿಯುವ ಹುಡುಗಿಗೆ ಹೇಳುವ ಮಾತು ಇದು. ಎಷ್ಟು ನೀರು, ಎಷ್ಟು ಹಿಟ್ಟು ಅಂತ ಬಾಯಲ್ಲಿ ಹೇಳಿದರೆ ರೊಟ್ಟಿ ಆಗುವುದಿಲ್ಲ. ಪಕ್ಕದಲ್ಲಿ ಕೂತು ತೋರಿಸಬೇಕು, ಹರಿದರೆ ಮತ್ತೆ ಬಡಿಸಬೇಕು. ಇದರಿಂದ ‘ಕೈರೂಢಿ’ ಅಂತ ಒಂದು ಪದ ಮಾಡಬಹುದೇ? ಕೈಗುಣದ ಪಕ್ಕದಲ್ಲಿ ಅದು ಚೆನ್ನಾಗಿ ಕೂಡುತ್ತದೆ, ಅಲ್ವಾ?

ಒಂದೇ ಅನುಮಾನ. ಹಳೆಯ ಅಭ್ಯಾಸವೂ ರೂಢಿಯೇ. ಬಳ್ಳಿಯನ್ನು ಕೂಡಲೇ ಕತ್ತರಿಸುವುದೂ ಒಂದು ಕಾಲದ ಕೈರೂಢಿ. ಪುಸ್ತಕದಲ್ಲಿ ಅರ್ಧ ಮಾತು ಹೊಸದನ್ನು ರೂಢಿ ಮಾಡುವುದರ ಬಗ್ಗೆ, ಇನ್ನರ್ಧ ಹಳೆಯದನ್ನು ಬಿಡಿಸುವುದರ ಬಗ್ಗೆ. ಎರಡಕ್ಕೂ ಒಂದೇ ಪದ ಬಂದರೆ ಓದುವವರಿಗೆ ಗೊಂದಲ ಆಗಬಹುದು.

ನಿಮ್ಮ ಊರಿನ ಆಸ್ಪತ್ರೆಯಲ್ಲಿ, ಹೊಲದಲ್ಲಿ, ಕಮ್ಮಾರಸಾಲೆಯಲ್ಲಿ ಇದಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ. ನಿಘಂಟಿನ ಪದಕ್ಕಿಂತ ಬಾಯಲ್ಲಿ ಬರುವ ಪದ ಸಿಕ್ಕರೆ ಹೆಚ್ಚು ಖುಷಿ. ಪುಸ್ತಕದ ಎರಡು ಸಾಲು ಇಲ್ಲಿ ಕೊಡುತ್ತೇನೆ, ಖಾಲಿ ಜಾಗದಲ್ಲಿ ನಿಮ್ಮ ಪದ ಇಟ್ಟು ಜೋರಾಗಿ ಓದಿ ನೋಡಿ:

‘ಮಗು ಹುಟ್ಟಿದ ಮೇಲೆ ಕನಿಷ್ಠ 1 ನಿಮಿಷ ಬಿಟ್ಟು ಹೊಕ್ಕುಳಬಳ್ಳಿ ಕತ್ತರಿಸಬೇಕು ಅನ್ನುವುದಕ್ಕೆ ಒಳ್ಳೆಯ ______ ಇದೆ. ಆದರೂ ನಮ್ಮ ಹೆರಿಗೆ ಕೋಣೆಯಲ್ಲಿ ಅದು ಇನ್ನೂ ______ ಆಗಿಲ್ಲ.’