ತೋಟದ ದುಡ್ಡು, 28 ದಿನ, ಸ್ಟೂಡೆಂಟ್ ವೀಸಾ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಕೂತು ಹದಿಮೂರು ವರ್ಷದಿಂದ ಹೊರದೇಶಕ್ಕೆ ಓದಲು ಹೋಗುವ ಮಕ್ಕಳ ವೀಸಾ ಕಾಗದ ನೋಡುತ್ತಿದ್ದೇನೆ. ಪ್ರಶ್ನೆ ಕಳಿಸಿ ಅಂದಿದ್ದೆ. ಬಂದವುಗಳಲ್ಲಿ ಮುಕ್ಕಾಲು ಪಾಲು ದುಡ್ಡು ತೋರಿಸುವುದರ ಬಗ್ಗೆಯೇ ಇವೆ. ಅದಕ್ಕೇ ಜಾಸ್ತಿ ಬರೆಯುತ್ತೇನೆ.

ಪ್ರಶ್ನೆ (ಸಕಲೇಶಪುರದ ಕಡೆಯ ಬೆಳೆಗಾರರು): ಮಗಳಿಗೆ ಇಂಗ್ಲೆಂಡಿನಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ, ಸೆಪ್ಟೆಂಬರಿಗೆ. ಲಂಡನ್ ಅಲ್ಲ, ಬೇರೆ ಊರು. ಹನ್ನೆರಡು ಎಕರೆ ತೋಟ ಇದೆ, ಪಹಣಿ ನಮ್ಮಪ್ಪನ ಹೆಸರಲ್ಲಿದೆ. ತೋಟದ ಬೆಲೆ ತೋರಿಸಿದರೆ ಸಾಕಲ್ವಾ? ಕೆಸಿಸಿ ಲಿಮಿಟ್ ಕೂಡ ಇದೆ. ನನ್ನ ತಮ್ಮನೂ ದುಡ್ಡು ಕೊಡ್ತೀನಿ ಅಂದಿದ್ದಾನೆ.

ಉತ್ತರ: ಸಾಕಾಗಲ್ಲ. ಹನ್ನೆರಡು ಎಕರೆ ಇರುವವರಿಗೆ ಇದು ಬೇಜಾರಿನ ಮಾತು, ನನಗೆ ಗೊತ್ತು. ಆದರೆ ಬ್ರಿಟನ್ ವೀಸಾದವರು ಆಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೋಟ, ಸೈಟು, ಒಡವೆ, ಷೇರು, ಯಾವುದೂ ಬರುವುದಿಲ್ಲ. ಕೆಸಿಸಿ ಲಿಮಿಟ್ ಸಾಲ ತೆಗೆಯುವ ಅವಕಾಶ ಅಷ್ಟೇ, ಓವರ್‌ಡ್ರಾಫ್ಟ್ ಇದ್ದ ಹಾಗೆ. ಅದೂ ನಡೆಯುವುದಿಲ್ಲ. ಬೇಕಾದಾಗ ತೆಗೆಯಬಹುದಾದ ದುಡ್ಡು ಬ್ಯಾಂಕಿನಲ್ಲಿ ಇರಬೇಕು.

ಎಷ್ಟು ಅಂದರೆ, 2025ರ ನವೆಂಬರ್ 11ರಿಂದ ಊಟ, ಬಾಡಿಗೆಯ ಖರ್ಚಿಗೆ ಅಂತ ಲಂಡನ್ ಹೊರಗೆ ತಿಂಗಳಿಗೆ 1,171 ಪೌಂಡ್, ಲಂಡನ್ನಿನಲ್ಲಿ 1,529 ಪೌಂಡ್. ಹೆಚ್ಚೆಂದರೆ ಒಂಬತ್ತು ತಿಂಗಳಿಗೆ ತೋರಿಸಬೇಕು. ಅಲ್ಲಿಗೆ ನಿಮ್ಮ ಮಗಳಿಗೆ 10,539 ಪೌಂಡ್ ಆಯಿತು. ಮೊದಲ ವರ್ಷದ ಫೀಸಿನಲ್ಲಿ ಇನ್ನೂ ಕಟ್ಟದೆ ಉಳಿದದ್ದನ್ನು ಅದಕ್ಕೆ ಸೇರಿಸಿ. ಕಟ್ಟಿದ್ದು ಸೀಟು ಖಚಿತಪಡಿಸಿ ಯೂನಿವರ್ಸಿಟಿ ಕೊಡುವ ಸಿಎಎಸ್ ಪತ್ರದಲ್ಲಿ ನಮೂದಾಗಿದೆಯಾ ನೋಡಿಕೊಳ್ಳಿ. ರೂಪಾಯಿ ಲೆಕ್ಕಕ್ಕೆ ಅವರು ಓಆಂಡಾ ವೆಬ್‌ಸೈಟಿನ ದರ ನೋಡುತ್ತಾರೆ. ದರ ಏರಿಳಿಯುವುದರಿಂದ ಒಂದಿಷ್ಟು ಜಾಸ್ತಿಯೇ ಇಟ್ಟಿರಿ.

ಈ ದುಡ್ಡು ಸತತ 28 ದಿನ ಖಾತೆಯಲ್ಲಿರಬೇಕು. ಒಂದೇ ಒಂದು ದಿನವೂ ಅದಕ್ಕಿಂತ ಕೆಳಗೆ ಇಳಿಯಬಾರದು.

ಇಲ್ಲೇ ನಮ್ಮ ಕಡೆಯವರು ಎಡವುವುದು. ಮೂಡಿಗೆರೆ ಕಡೆಯ ಒಬ್ಬ ಹುಡುಗನ ತಂದೆ, ವೀಸಾ ತಿರಸ್ಕಾರವಾದ ಮೇಲೆ ಸ್ಟೇಟ್‌ಮೆಂಟ್ ಹಿಡಿದು ನನ್ನ ಹತ್ತಿರ ಬಂದಿದ್ದರು. ಇಬ್ಬರೂ ಸಾಲು ಸಾಲಾಗಿ ಬೆರಳಿಟ್ಟು ನೋಡಿದೆವು. ಹದಿನೆಂಟು ದಿನ ಸರಿಯಾಗಿತ್ತು. ಹತ್ತೊಂಬತ್ತನೇ ದಿನ ಅರವತ್ತು ಸಾವಿರ ತೆಗೆದಿದ್ದಾರೆ. ಆಳುಗಳ ಬಟವಾಡೆ. ಬೇಕಾದ ಮೊತ್ತಕ್ಕಿಂತ ಬರೀ ಹನ್ನೊಂದು ಸಾವಿರ ಕಡಿಮೆಯಾಗಿತ್ತು. ಎರಡು ದಿನ ಬಿಟ್ಟು ವಾಪಸ್ ಹಾಕಿದ್ದಾರೆ. ಅವರು ಬೆರಳು ತೆಗೆಯಲೇ ಇಲ್ಲ, ಆ ಸಾಲಿನ ಮೇಲೇ ಇಟ್ಟುಕೊಂಡು ಕೂತಿದ್ದರು. ವೀಸಾ ಫೀಸು ಹೋಯಿತು. ಅಲ್ಲಿನ ಆಸ್ಪತ್ರೆ ಸೇವೆಗೆ ಅಂತ ಅರ್ಜಿಯ ಜೊತೆ ಕಟ್ಟುವ ಹೆಲ್ತ್ ಸರ್ಚಾರ್ಜ್ ವಾಪಸ್ ಬಂತು. ಮತ್ತೆ 28 ದಿನ ಎಣಿಸುವಷ್ಟರಲ್ಲಿ ಕ್ಲಾಸು ಶುರುವಾಗಿತ್ತು. ಹುಡುಗ ಜನವರಿಗೆ ಹೋದ. ನೀವು ಮಗಳಿಗಾಗಿ ಒಂದು ಬೇರೆ ಖಾತೆ ತೆರೆಯಿರಿ. ಬಟವಾಡೆ, ಗೊಬ್ಬರ, ಸಾಲದ ಕಂತು, ಯಾವುದೂ ಅದರಲ್ಲಿ ಬೇಡ.

ಇನ್ನು ನಿಮ್ಮ ತಮ್ಮನ ದುಡ್ಡು. ನಮ್ಮಲ್ಲಿ ಚಿಕ್ಕಪ್ಪ ಅಂದರೆ ತಂದೆಯ ಸಮಾನ. ಅವರ ನಿಯಮದಲ್ಲಿ ಹಾಗಿಲ್ಲ. ಖಾತೆ ವಿದ್ಯಾರ್ಥಿಯದ್ದಾಗಿರಬೇಕು, ಇಲ್ಲ ತಂದೆ ತಾಯಿಯದ್ದು. ಚಿಕ್ಕಪ್ಪ ಕೊಡುವುದಾದರೆ ಈಗಲೇ ಮಗಳ ಖಾತೆಗೆ ಬ್ಯಾಂಕಿನ ಮೂಲಕ ಹಾಕಲಿ. ಅಲ್ಲಿಂದ 28 ದಿನ ಶುರು. ನಿಮ್ಮ ಖಾತೆ ತೋರಿಸುವುದಾದರೆ ಮಗಳ ಜನನ ಪ್ರಮಾಣಪತ್ರ ಮತ್ತು ನಿಮ್ಮ ಒಪ್ಪಿಗೆ ಪತ್ರ ಬೇಕು. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷಿಗೆ ದೃಢೀಕೃತ ಅನುವಾದ ಮಾಡಿಸಿ. ಅದರಲ್ಲಿರುವ ನಿಮ್ಮ ಹೆಸರೂ ಬ್ಯಾಂಕಿನಲ್ಲಿರುವ ನಿಮ್ಮ ಹೆಸರೂ ಒಂದೇ ಇದೆಯಾ ನೋಡಿ. ಇವತ್ತೇ ನೋಡಿ.

ಎಜುಕೇಶನ್ ಲೋನ್ ಕೂಡ ಒಳ್ಳೆಯ ದಾರಿ. ಮಗಳ ಹೆಸರಲ್ಲಿ ಬ್ಯಾಂಕ್ ಮಂಜೂರಾತಿ ಪತ್ರ ಕೊಟ್ಟರೆ ಆ ಮೊತ್ತಕ್ಕೆ 28 ದಿನದ ಲೆಕ್ಕವಿಲ್ಲ. ಪತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಆದರೆ ಅಡಮಾನ ಕೇಳಿದಾಗ ಕೃಷಿ ಜಮೀನಿಗೆ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಸಾಲ ತೀರಿಸದವರ ಅಡಮಾನವನ್ನು ಬ್ಯಾಂಕು ನೇರವಾಗಿ ಹಿಡಿಯಲು ಬಿಡುವ ಸರ್ಫೇಸಿ ಕಾಯ್ದೆಯಡಿ ಕೃಷಿ ಜಮೀನನ್ನು ವಶಪಡಿಸಿಕೊಳ್ಳಲು ಅವಕಾಶವಿಲ್ಲ, ಅದೇ ಕಾರಣ. ಪೇಟೆಯಲ್ಲಿ ಮನೆಯೋ ಸೈಟೋ ಇದ್ದರೆ ಸುಲಭ. ಪಹಣಿಯಲ್ಲಿ ಹೆಸರಿರುವ ನಿಮ್ಮ ತಂದೆಯವರು ತೀರಿಕೊಂಡಿದ್ದು ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿಲ್ಲದಿದ್ದರೆ ಅದಕ್ಕೇ ತಿಂಗಳುಗಟ್ಟಲೆ ಹಿಡಿಯಬಹುದು.

ಪ್ರಶ್ನೆ (ಹೆಸರು ಬೇಡ ಅಂದವರು, ಚಿಕ್ಕಮಗಳೂರು): ಒಬ್ಬ ಏಜೆಂಟ್ 28 ದಿನಕ್ಕೆ ದುಡ್ಡು ತೋರಿಸಿಕೊಡ್ತೀನಿ, ಬಡ್ಡಿ ಕೊಟ್ಟರೆ ಸಾಕು ಅಂತಾನೆ. ಇಲ್ಲ ಅಂದರೆ ಸ್ಟೇಟ್‌ಮೆಂಟ್ ತಾನೇ ಮಾಡಿಕೊಡ್ತಾನಂತೆ.

ಉತ್ತರ: ದಯವಿಟ್ಟು ಬೇಡ. ಕೈ ಮುಗಿದು ಕೇಳುತ್ತೇನೆ. ಬ್ರಿಟನ್ ವೀಸಾದವರು ಬ್ಯಾಂಕಿಗೇ ಕೇಳಿ ಪರಿಶೀಲಿಸಬಹುದು. ಸುಳ್ಳು ಕಾಗದ ಕೊಟ್ಟದ್ದು ಸಾಬೀತಾದರೆ ಹತ್ತು ವರ್ಷ ಬ್ರಿಟನ್ನಿಗೆ ಪ್ರವೇಶವಿಲ್ಲ. ಬೇರೆ ದೇಶದ ಅರ್ಜಿಯಲ್ಲೂ ಹಿಂದಿನ ತಿರಸ್ಕಾರದ ಬಗ್ಗೆ ಕೇಳುತ್ತಾರೆ. ಏಜೆಂಟ್ ನಾಳೆ ಫೋನ್ ನಂಬರ್ ಬದಲಾಯಿಸುತ್ತಾನೆ. ಅರ್ಜಿಯಲ್ಲಿರುವುದು ನಿಮ್ಮ ಮಗನ ಹೆಸರು, ಅವನ ಬೆರಳಚ್ಚು. ಬಡ್ಡಿಗೆ ತಂದ ದುಡ್ಡು 29ನೇ ದಿನ ವಾಪಸ್ ಹೋದ ಮೇಲೆ ಆ ಹುಡುಗ ಅಲ್ಲಿ ಬಾಡಿಗೆಗೆ ಏನು ಕೊಡಬೇಕು? ದುಡ್ಡು ಈ ವರ್ಷ ಆಗದಿದ್ದರೆ ಮುಂದಿನ ವರ್ಷಕ್ಕೆ ಸೀಟು ಮುಂದೂಡಲು ಯೂನಿವರ್ಸಿಟಿಯನ್ನು ಕೇಳಿ. ಎಷ್ಟೋ ಕಡೆ ಒಪ್ಪುತ್ತಾರೆ. ಕಾಫಿ, ಮೆಣಸು ಕೊಟ್ಟ ಮೇಲೆ ಮಾರ್ಚ್, ಏಪ್ರಿಲ್‌ನಲ್ಲಿ ದುಡ್ಡು ಕೈಗೆ ಬರುತ್ತದೆ ಅಲ್ವಾ, ಆಗಲೇ ಪ್ರತ್ಯೇಕ ಖಾತೆಯಲ್ಲಿ ತೆಗೆದಿಡಿ.

ಪ್ರಶ್ನೆ (ಅರಸೀಕೆರೆ, ವಿದ್ಯಾರ್ಥಿನಿ): ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್ ಇವೆ. ಅಮೆರಿಕಕ್ಕೆ ತೊಂದರೆ ಆಗುತ್ತಾ?

ಉತ್ತರ: ಒಂದು ಇನಿಶಿಯಲ್ ಊರಿನದು, ಇನ್ನೊಂದು ಅಪ್ಪನದು. ನಮ್ಮಲ್ಲಿ ಮನೆ ಮನೆಯಲ್ಲೂ ಹೀಗೇ. ಇದರಿಂದ ವೀಸಾ ನಿಲ್ಲುವುದಿಲ್ಲ. ಆದರೆ ಅಮೆರಿಕದ ವೀಸಾ ಅರ್ಜಿಯಾದ ಡಿಎಸ್-160 ಫಾರ್ಮಿನಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತದೆ. ಆಮೇಲೆ ಅಲ್ಲಿ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ಹೆಸರು ಬೆನ್ನು ಹತ್ತುತ್ತದೆ. ಇನ್ನೂ ಅರ್ಜಿ ಹಾಕಿಲ್ಲವಾದರೆ ಈಗಲೇ ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ. ಅಲ್ಲಿನ ಯೂನಿವರ್ಸಿಟಿ ವೀಸಾಕ್ಕಾಗಿ ಕೊಡುವ ಐ-20 ಪತ್ರ ಬಂದಾಗಿದ್ದರೆ ಪಾಸ್‌ಪೋರ್ಟ್ ಮುಟ್ಟಬೇಡಿ. ಎರಡರಲ್ಲೂ ಒಂದೇ ರೀತಿ ಇದೆಯಾ ಮಾತ್ರ ನೋಡಿ.

ಪ್ರಶ್ನೆ (ಬೇಲೂರು, ಬಿಇ ಮುಗಿಸಿದವರು): ಜರ್ಮನಿಯಲ್ಲಿ ಓದು ಫ್ರೀ ಅಂತಾರೆ. ದುಡ್ಡು ತೋರಿಸೋದು ಬೇಡವಾ?

ಉತ್ತರ: ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ, ನಿಜ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಆದರೆ ಊಟ, ಬಾಡಿಗೆಗೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಒಮ್ಮೆಗೇ ತೆಗೆಯಲಾಗದ ಖಾತೆಯಲ್ಲಿ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ನಿಮಗೇ ಸಿಗುತ್ತದೆ. ಜೊತೆಗೆ 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ನಿಮ್ಮ ಡಿಗ್ರಿ ಅಸಲಿಯಾ ಅಂತ ಪರಿಶೀಲಿಸಿ ಕೊಡುವ ಕಾಗದ ಅದು. ಮೊದಲು ಅದಕ್ಕೆ ಅರ್ಜಿ ಹಾಕಿ, ಸಮಯ ಹಿಡಿಯುತ್ತದೆ.

ಮರುಪ್ರಶ್ನೆ (ಸಕಲೇಶಪುರದ ಬೆಳೆಗಾರರು): ತುಂಬಾ ಉಪಕಾರ ಆಯ್ತು. ತಮ್ಮ ಜೂನ್ 10ಕ್ಕೆ ಮಗಳ ಖಾತೆಗೆ ಹಾಕ್ತಾನಂತೆ. ಅರ್ಜಿ ಯಾವಾಗ ಹಾಕಬಹುದು?

ಉತ್ತರ: ಜೂನ್ 10ರಿಂದ ಎಣಿಸಿದರೆ ಜುಲೈ 7ಕ್ಕೆ 28 ದಿನ ತುಂಬುತ್ತದೆ. ಜುಲೈ 8ರ ಬೆಳಗ್ಗೆ ಬ್ಯಾಂಕಿಗೆ ಹೋಗಿ 7ರವರೆಗಿನ ಸ್ಟೇಟ್‌ಮೆಂಟ್ ತೆಗೆಸಿ. ಅದರ ಕೊನೆಯ ತಾರೀಖಿನಿಂದ 31 ದಿನದೊಳಗೆ ಅರ್ಜಿ ಹೋಗಬೇಕು, ಅಂದರೆ ಆಗಸ್ಟ್ 7ರೊಳಗೆ. ಅಷ್ಟು ಕಾಯಬೇಡಿ, ಅದೇ ವಾರ ಹಾಕಿ. ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ಬರುತ್ತದೆ. ಈ 28 ದಿನ ತುಂಬುವುದರೊಳಗೇ ಬೆಂಗಳೂರಿಗೆ ಹೋಗಿ ಅವರು ಒಪ್ಪಿದ ಕ್ಲಿನಿಕ್ಕಿನಲ್ಲಿ ಟಿಬಿ ಪರೀಕ್ಷೆ ಮುಗಿಸಿಕೊಂಡು ಬನ್ನಿ, ಅದರ ಪ್ರಮಾಣಪತ್ರ ಅರ್ಜಿಯ ಜೊತೆಗೇ ಬೇಕು. ಖಾತೆಯ ಎಟಿಎಂ ಕಾರ್ಡ್ ಬೀರುವಿನಲ್ಲಿಟ್ಟು ಬೀಗ ಹಾಕಿ. ಜುಲೈ 8ರಂದು ಸ್ಟೇಟ್‌ಮೆಂಟಿನ ಫೋಟೋ ನನಗೆ ಕಳಿಸಿ, ನಾನೂ ಸಾಲು ಸಾಲು ನೋಡುತ್ತೇನೆ.